ತಳ್ಳಲಾರರು, ಎಳೆಯಲಾರರು, ಎತ್ತಲಾರರು!

ತೆರಿಗೆ ಅಧಿಕಾರಿಯೊಬ್ಬರು ಕಚೇರಿಯಲ್ಲಿ ದಿನವಿಡೀ ತಳ್ಳುವುದಾದರೂ ಏನನ್ನು? ಕಡತಗಳನ್ನು ತಾನೆ? ಆದರೂ ದೆಹಲಿಯ ಇರಾ ಸಿಂಘಲ್ ಅವರಿಗೆ ಕೆಲಸ ನಿರಾಕರಿಸಲು ಸರ್ಕಾರ ಕೊಟ್ಟ ಕಾರಣ, ತಳ್ಳುವ, ಎಳೆಯುವ, ಎತ್ತುವ ಶಕ್ತಿ ಅವರಿಗಿಲ್ಲ ಎಂಬುದು. ಬೆನ್ನುಮೂಳೆ ಬಾಗಿರುವ ಇರಾ 2010ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಗೆದ್ದು ರೆವಿನ್ಯೂ ಸೇವೆಗೆ ಅರ್ಹರಾಗಿದ್ದರು. ಎಂಜಿನಿಯರಿಂಗ್ ಮತ್ತು ಎಂ.ಬಿ.ಎ. ಓದಿ ಖಾಸಗಿ ಕಂಪನಿಯಲ್ಲಿ ದುಡಿದ ಅನುಭವವೂ ಇತ್ತು. ಅವರು ಆಡಳಿತ ನ್ಯಾಯಮಂಡಳಿಯ ಮೆಟ್ಟಿಲೇರಿ 2014ರಲ್ಲಿ ಗೆದ್ದರು. ತೀರ್ಪಿಗೆ ಕಾಯುತ್ತಾ ಕೈಕಟ್ಟಿ ಕೂರಲಿಲ್ಲ, ಪರೀಕ್ಷೆ ಬರೆಯುತ್ತಲೇ ಇದ್ದರು. 2014ರ ಪರೀಕ್ಷೆಯ ಫಲಿತಾಂಶ ಮರುವರ್ಷ ಬಂದಾಗ ಅವರು ದೇಶಕ್ಕೇ ಮೊದಲಿಗರು!

ಮಹಾರಾಷ್ಟ್ರದ ಪ್ರಾಂಜಲ್ ಪಾಟೀಲರ ಕಥೆಯೂ ಹೀಗೆಯೇ. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಅವರಿಗೆ 2015ರ ಪರೀಕ್ಷೆಯ ನಂತರ ರೈಲ್ವೆ ಲೆಕ್ಕಪತ್ರ ಸೇವೆ ಬಾಗಿಲು ಮುಚ್ಚಿತು. ಮರುವರ್ಷ 124ನೇ ರ‍್ಯಾಂಕ್ ಪಡೆದು ಐ.ಎ.ಎಸ್. ಸೇರಿದರು.

ಸರ್ಕಾರದ ನಿರಾಕರಣೆ ಕಾಗದದ ಮೇಲಿರುತ್ತದೆ, ಪ್ರಶ್ನಿಸಬಹುದು. ಖಾಸಗಿಯವರದು ಹಾಗಲ್ಲ. ‘ನಮ್ಮಲ್ಲಿ ಮೆಟ್ಟಿಲು ಜಾಸ್ತಿ, ನಿಮಗೆ ಸುಮ್ಮನೆ ತೊಂದರೆ’ ಎಂಬ ಸಿಹಿಮಾತಿನಲ್ಲಿ ಅರ್ಜಿ ಮೂಲೆಗುಂಪಾಗುತ್ತದೆ. ಇಂಥ ಕನಿಕರಕ್ಕಿಂತ ಒರಟು ಮಾತೇ ವಾಸಿ. ಖರ್ಚು ಹೆಚ್ಚು ಎಂಬ ಇನ್ನೊಂದು ನೆಪವೂ ಉಂಟು. ಆದರೆ ಅಮೆರಿಕದಲ್ಲಿ ಉದ್ಯೋಗದಾತರನ್ನೇ ಕೇಳಿ ನಡೆಸಿದ ಸಮೀಕ್ಷೆಗಳ ಪ್ರಕಾರ, ಇಂಥ ನೌಕರರಿಗಾಗಿ ಮಾಡುವ ಮಾರ್ಪಾಡುಗಳಲ್ಲಿ ಸುಮಾರು ಅರ್ಧಕ್ಕೆ ಬಿಡಿಗಾಸೂ ತಗಲುವುದಿಲ್ಲ. ಮೇಜಿನ ಜಾಗ ಬದಲಿಸುವುದಕ್ಕೋ ಕೆಲಸದ ವೇಳೆ ತುಸು ಹೊಂದಿಸುವುದಕ್ಕೋ ಏನು ಖರ್ಚು? ಗಿರಾಕಿಗಳು ಏನೆಂದುಕೊಂಡಾರು ಎಂದು ಅಳುಕುವವರು ‘ಮಿಟ್ಟಿ ಕೆಫೆ’ಯನ್ನು ನೋಡಬೇಕು. 2017ರಲ್ಲಿ ನಮ್ಮ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಶುರುವಾಗಿ, ಅಂಗವಿಕಲರೇ ನಡೆಸುವ ಈ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣವನ್ನೂ ತಲುಪಿತು.

ಕಾನೂನು ಏನನ್ನುತ್ತದೆ? 1995ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 3ರಷ್ಟು ಮೀಸಲಾತಿ ಕೊಟ್ಟಿತ್ತು. 2016ರ ಕಾಯ್ದೆ ಅದನ್ನು ಶೇ 4ಕ್ಕೆ ಏರಿಸಿ, 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಖಾಸಗಿಯವರಿಗೆ ಶೇ 5ರ ಗುರಿ ಇದೆ, ಆದರೆ ಅದು ಪ್ರೋತ್ಸಾಹದ ಮಾತೇ ಹೊರತು ಕಡ್ಡಾಯವಲ್ಲ. ಹಲ್ಲಿಲ್ಲದ ಹಾವು ಎನ್ನಿ. ಆದರೂ ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಲೇಬೇಕು ಎಂಬ ನಿಯಮ ಅದೇ ಕಾಯ್ದೆಯಲ್ಲಿದೆ. ಅರ್ಜಿ ಹಾಕುವ ಮುನ್ನ ಆ ನೀತಿಯನ್ನು ತರಿಸಿಕೊಂಡು ಓದುವುದು ಜಾಣತನ.

ಇನ್ನು ಹೆತ್ತವರು. ‘ನಿನಗ್ಯಾಕೆ ಆ ಕೋರ್ಸು, ಮನೆ ಹತ್ತಿರದ್ದೇ ಏನಾದರೂ ಓದು’ ಎಂಬ ಮೊದಲ ನಿರಾಕರಣೆ ಎಷ್ಟೋ ಸಲ ಮನೆಯಲ್ಲೇ ಆಗಿಬಿಟ್ಟಿರುತ್ತದೆ. ಮಗುವಿನ ವೈಕಲ್ಯ ಶೇ 40ಕ್ಕಿಂತ ಕಡಿಮೆ ಇಲ್ಲದಿದ್ದರೆ ಮೀಸಲಾತಿಗೆ ಅರ್ಹತೆಯುಂಟು. ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡನ್ನು ಕೊನೆಯ ಗಳಿಗೆಯವರೆಗೆ ಮುಂದೂಡದೆ, ಎಸ್ಸೆಸ್ಸೆಲ್ಸಿ ಹೊತ್ತಿಗೇ ಮಾಡಿಸಿಟ್ಟುಕೊಳ್ಳಿ. ಸಂದರ್ಶನಕ್ಕೆ ಹೋಗುವ ವಿದ್ಯಾರ್ಥಿಗಳು ‘ನನ್ನಿಂದ ಆಗುತ್ತದೆ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶವಿದ್ದರೆ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಹೋಗಿ, ಅವರೆದುರೇ ಒಂದು ಪತ್ರ ಟೈಪು ಮಾಡಿ ತೋರಿಸಿ.