ಕಾರಿನ ಎಸಿ ಪೈಪ್ ಬಿಚ್ಚಿಸುತ್ತಿದ್ದೀರಾ? ಮೊದಲು ಈ ವಿಷಯ ತಿಳಿದಿರಲಿ

ಕಾರಿನ ಮುಂಭಾಗಕ್ಕೆ ಪೆಟ್ಟು ಬಿದ್ದು ಕಂಡೆನ್ಸರ್ ಬದಲಿಸುವಾಗ, ಕಂಪ್ರೆಸರ್ ಕೆಟ್ಟಾಗ ಅಥವಾ ಎಂಜಿನ್ ಕೆಳಗಿಳಿಸುವಾಗ ಎಸಿ ಪೈಪ್‌ಗಳನ್ನು ಕಳಚಬೇಕಾಗುತ್ತದೆ. ಕೆಲವು ಗ್ಯಾರೇಜ್‌ಗಳಲ್ಲಿ ನಟ್ ಸಡಿಲಿಸಿ, ಬುಸ್ ಎಂದು ಗ್ಯಾಸ್ ಹೊರಬಿಟ್ಟು ಕೆಲಸ ಶುರು ಮಾಡುತ್ತಾರೆ. ಸಮಯ ಉಳಿಸುವ ಈ ಅಭ್ಯಾಸ ಮೆಕ್ಯಾನಿಕ್‌ನ ಕಣ್ಣಿಗೂ ನಿಮ್ಮ ಜೇಬಿಗೂ ಅಪಾಯ.

ಎಂಜಿನ್ ಆಫ್ ಆದರೂ ಒತ್ತಡ ಇರುತ್ತದೆ

ನಮ್ಮಲ್ಲಿ ಓಡುವ ಬಹುತೇಕ ಕಾರುಗಳ ಎಸಿಯಲ್ಲಿರುವುದು ಆರ್-134ಎ ಎಂಬ ಗ್ಯಾಸ್. ಹೊರಗೆ 35 ಡಿಗ್ರಿ ಬಿಸಿಲಿದ್ದರೆ, ನಿಂತ ಕಾರಿನ ಎಸಿ ಪೈಪ್‌ನಲ್ಲೂ ಸುಮಾರು 115 ಪಿಎಸ್‌ಐ ಒತ್ತಡವಿರುತ್ತದೆ. ಟೈರ್‌ಗೆ ನಾವು ತುಂಬಿಸುವ ಗಾಳಿಯ ಮೂರು ಪಟ್ಟಿಗಿಂತ ಇದು ಹೆಚ್ಚು. ಈ ದ್ರವ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಹಾಗಾಗಿ ಚಿಮ್ಮಿ ಚರ್ಮಕ್ಕೋ ಕಣ್ಣಿಗೋ ತಗುಲಿದರೆ ಆ ಜಾಗ ಕ್ಷಣದಲ್ಲೇ ಹೆಪ್ಪುಗಟ್ಟಿ ಗಾಯವಾಗಬಹುದು. ಬೆಂಕಿಗೆ ಸಿಕ್ಕರೆ ವಿಷಾನಿಲವೂ ಹುಟ್ಟುತ್ತದೆ.

ಗ್ಯಾಸ್ ಜೊತೆ ಆಯಿಲ್ ಕೂಡ ಹೋಗುತ್ತದೆ

ಕಂಪ್ರೆಸರ್‌ಗೆ ಬೇಕಾದ ಆಯಿಲ್ ಈ ಗ್ಯಾಸ್‌ನೊಂದಿಗೇ ಸುತ್ತುತ್ತದೆ. ಗ್ಯಾಸ್ ರಭಸವಾಗಿ ಹೊರಹೋದರೆ ಆಯಿಲ್ ಕೂಡ ಹೋಗುತ್ತದೆ. ಎಷ್ಟು ಹೋಯಿತೆಂದು ಅಳೆಯದೆ ಬರೀ ಗ್ಯಾಸ್ ತುಂಬಿಸಿದರೆ ಕಂಪ್ರೆಸರ್ ಒಣಗಿ ಜಾಮ್ ಆಗಬಹುದು.

ಇನ್ನೊಂದು ಶತ್ರು ತೇವಾಂಶ. ಎಸಿ ಆಯಿಲ್ ಗಾಳಿಯಲ್ಲಿನ ತೇವವನ್ನು ಬೇಗ ಹೀರುತ್ತದೆ. ಮುಂಬೈ, ಚೆನ್ನೈನಂಥ ಕಡಲತೀರದ ಊರುಗಳಲ್ಲಿ, ಅದೂ ಮಳೆಗಾಲದಲ್ಲಿ, ಪೈಪ್ ಬಾಯಿ ತೆರೆದಿಟ್ಟರೆ ತೊಂದರೆ ಹೆಚ್ಚು. ಒಳಗೆ ಸೇರಿದ ನೀರು ಎಕ್ಸ್‌ಪಾನ್ಷನ್ ವಾಲ್ವ್‌ನಲ್ಲಿ ಮಂಜುಗಡ್ಡೆಯಾಗಿ ತಂಪು ನಿಲ್ಲುತ್ತದೆ. ಕಾಲಕ್ರಮೇಣ ಆಮ್ಲ ಉಂಟಾಗಿ ಲೋಹವನ್ನೂ ತಿನ್ನುತ್ತದೆ.

ಸರಿಯಾದ ಕ್ರಮ ಯಾವುದು?

* ಮೊದಲು ರಿಕವರಿ ಯಂತ್ರ ಜೋಡಿಸಿ ಗ್ಯಾಸನ್ನು ಸಿಲಿಂಡರ್‌ಗೆ ಎಳೆದುಕೊಳ್ಳಬೇಕು. ಗೇಜ್ ಸೊನ್ನೆಗೆ ಬಂದು, ಕೆಲ ನಿಮಿಷ ಅಲ್ಲೇ ನಿಂತ ಮೇಲೆ ಮಾತ್ರ ಪೈಪ್ ಮುಟ್ಟಬೇಕು.
* ಕನ್ನಡಕ, ಗ್ಲೌಸ್ ಕಡ್ಡಾಯ. ನಟ್ ಇರುವ ಜಾಗದಲ್ಲಿ ಎರಡು ಸ್ಪ್ಯಾನರ್ ಬೇಕು: ಒಂದು ಹಿಡಿಯಲು, ಒಂದು ತಿರುಗಿಸಲು. ಇಲ್ಲವಾದರೆ ಅಲ್ಯೂಮಿನಿಯಂ ಪೈಪ್ ತಿರುಚಿಕೊಳ್ಳುತ್ತದೆ. ಸ್ಪ್ರಿಂಗ್ ಲಾಕ್ ಜೋಡಣೆಗೆ ಪ್ರತ್ಯೇಕ ಟೂಲ್ ಇದೆ, ಸ್ಕ್ರೂಡ್ರೈವರ್‌ನಿಂದ ಮೀಟಬಾರದು.
* ಕಳಚಿದ ತಕ್ಷಣ ಎರಡೂ ಬಾಯಿಗಳಿಗೆ ಕ್ಯಾಪ್ ಹಾಕಬೇಕು.
* ಮರುಜೋಡಿಸುವಾಗ ಹಳೆಯ ಓ-ರಿಂಗ್ ಬೇಡ. ಹೊಸದಕ್ಕೆ ಎಸಿ ಆಯಿಲ್ ಸವರಿ ಕೂರಿಸಬೇಕು. ವ್ಯವಸ್ಥೆ ಬಹಳ ಹೊತ್ತು ತೆರೆದಿದ್ದರೆ ರಿಸೀವರ್ ಡ್ರೈಯರ್ ಕೂಡ ಬದಲಿಸಬೇಕು.
* ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಅದು ನಿಲ್ಲುತ್ತದೆಯೇ ನೋಡಬೇಕು. ನಂತರ ಬಾನೆಟ್ ಅಡಿಯ ಸ್ಟಿಕರ್‌ನಲ್ಲಿ ಬರೆದಿರುವಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಬೇಕು.

ಹೈಬ್ರಿಡ್, ಎಲೆಕ್ಟ್ರಿಕ್ ಕಾರಾದರೆ ಇನ್ನೂ ಎಚ್ಚರ ಬೇಕು. ಅಲ್ಲಿನ ಕಂಪ್ರೆಸರ್ ಹೈ ವೋಲ್ಟೇಜ್ ವಿದ್ಯುತ್ತಿನಲ್ಲಿ ಓಡುತ್ತದೆ, ಅದರ ಆಯಿಲ್ ಕೂಡ ಬೇರೆ. ತರಬೇತಿ ಪಡೆದವರೇ ಮುಟ್ಟಬೇಕು.

ಅರ್ಧ ಕೆಜಿ ಗ್ಯಾಸ್, 300 ಲೀಟರ್ ಪೆಟ್ರೋಲ್

ಆರ್-134ಎ ಭೂಮಿಯನ್ನು ಬಿಸಿ ಮಾಡುವ ಶಕ್ತಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು. ಅರ್ಧ ಕೆಜಿ ಗಾಳಿಗೆ ಬಿಟ್ಟರೆ ಸುಮಾರು 700 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಅಂದರೆ ಸರಿಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಇಂಥ ಅನಿಲಗಳ ಬಳಕೆ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಅನುಮೋದನೆ ನೀಡಿದೆ. ಅದರಂತೆ 2032ರಿಂದ ಹಂತ ಹಂತವಾಗಿ ಇಳಿಸಿ, 2047ರ ವೇಳೆಗೆ ಶೇ. 85ರಷ್ಟು ಕಡಿತ ಮಾಡಬೇಕಿದೆ.

ಗ್ಯಾರೇಜ್‌ನಲ್ಲಿ ಏನು ಕೇಳಬೇಕು?

ಪೈಪ್ ಕಳಚಲೇಬೇಕೇ ಎಂದು ಮೊದಲು ಕೇಳಿ. ಎಷ್ಟೋ ಎಂಜಿನ್ ಕೆಲಸಗಳಲ್ಲಿ ಕಂಪ್ರೆಸರ್‌ನ ಬೋಲ್ಟ್ ಮಾತ್ರ ಬಿಚ್ಚಿ, ಪೈಪ್ ಸಮೇತ ಪಕ್ಕಕ್ಕೆ ಕಟ್ಟಿಟ್ಟರೆ ಸಾಕಾಗುತ್ತದೆ. ಕಳಚಲೇಬೇಕಾದರೆ ರಿಕವರಿ ಯಂತ್ರ ಇದೆಯೇ, ವ್ಯಾಕ್ಯೂಮ್ ಎಷ್ಟು ಹೊತ್ತು ಎಳೆಯುತ್ತೀರಿ, ಗ್ಯಾಸ್ ಮತ್ತು ಆಯಿಲ್ ಎಷ್ಟು ಹಾಕಿದಿರಿ ಎಂದು ಕೇಳಿ, ಬಿಲ್‌ನಲ್ಲಿ ಗ್ರಾಂ ಲೆಕ್ಕ ಬರೆಸಿಕೊಳ್ಳಿ. ಯಂತ್ರ ಇಲ್ಲ ಎಂದರೆ, ಇರುವ ಕಡೆ ಕಾರು ಒಯ್ಯುವುದೇ ಲೇಸು.