ಉಡುಗೊರೆಯ ಮೇಲಿನ ಕಾಗದ

ಕಳೆದ ಸಂಚಿಕೆಯಲ್ಲಿ ಇಸ್ರಾಫ್ ಕುರಿತ ಜುಮಾ ಖುತ್ಬಾದ ಸಾರ ಬಂದಿತ್ತು. ಊಟದ ಪೋಲು, ನೀರಿನ ಪೋಲು, ಶಾದಿಮಹಲಿನ ಖರ್ಚು ಎಲ್ಲವೂ ಅದರಲ್ಲಿತ್ತು. ಅದನ್ನು ಓದಿದ ಮೇಲೆ ಹಿಡಕಲ್ ಡ್ಯಾಮಿನ ನಮ್ಮ ಓಣಿಯ ಹೆಣ್ಣುಮಕ್ಕಳು ಒಂದು ಸಣ್ಣ ಪ್ರಶ್ನೆ ಕೇಳಿದರು: ಉಡುಗೊರೆಗೆ ಸುತ್ತುವ ಚಮಕಿ ಕಾಗದವೂ ಇಸ್ರಾಫ್ ಆಗುತ್ತದೆಯೇ? ಒಬ್ಬರು ಕೊಟ್ಟ ಉಡುಗೊರೆಯ ಕಾಗದವನ್ನು ಬಿಚ್ಚಿಟ್ಟು ಇನ್ನೊಬ್ಬರಿಗೆ ಸುತ್ತಿ ಕೊಟ್ಟರೆ ಅದು ಜಿಪುಣತನವೇ?

ಪ್ರಶ್ನೆ ಸಣ್ಣದೆಂದು ನಾನೂ ಅಂದುಕೊಂಡಿದ್ದೆ. ಆದರೆ ಅದರ ಹಿಂದೆ ಒಂದು ಪ್ರಸಂಗವಿತ್ತು. ನಮ್ಮ ಓಣಿಯಲ್ಲಿ ಒಂದು ಮಗುವಿನ ಅಕೀಕಾ ಆಯಿತು. ಪಕ್ಕದಲ್ಲೇ ಇರುವ ಒಬ್ಬ ವಿಧವೆ ಖಾಲಾ ಬರಲೇ ಇಲ್ಲ. ಮರುದಿನ ನಾನೇ ಅವರ ಮನೆಗೆ ಹೋಗಿ ಕೇಳಿದೆ.

“ಖಾಲಾ, ನಿನ್ನೆ ಯಾಕ ಬರಲಿಲ್ರಿ?”

“ಹ್ಯಾಂಗ ಬರಲಿ ಬೇಟಿ? ಕೂಸಿಗೆ ಒಂದು ಜಬ್ಲಾ ಹೊಲಿದಿಟ್ಟಿದ್ದೆ. ಎಲ್ಲಾರೂ ಝಗಝಗ ಡಬ್ಬಿ ತರ್ತಾರ. ನಾ ಪ್ಲಾಸ್ಟಿಕ್ ಚೀಲದಾಗ ಹಿಡ್ಕೊಂಡು ಬಂದ್ರ ಚಂದ ಕಾಣತದೇನು?”

ಜಬ್ಲಾ ಕೈಯಿಂದ ಹೊಲಿದದ್ದು, ಮೆತ್ತನೆಯ ಹತ್ತಿ ಬಟ್ಟೆಯದ್ದು. ಅಂದು ಆ ಮಗುವಿಗೆ ಬಂದ ಯಾವ ಉಡುಗೊರೆಗೂ ಅದು ಕಡಿಮೆ ಇರಲಿಲ್ಲ. ಅದನ್ನು ತಡೆದು ನಿಲ್ಲಿಸಿದ್ದು ಹತ್ತಿಪ್ಪತ್ತು ರೂಪಾಯಿಯ ಒಂದು ಹಾಳೆ.

ಹದ್ಯಾ ಕೊಡುವುದು ಸುನ್ನತ್. ಪರಸ್ಪರ ಉಡುಗೊರೆ ಕೊಡಿ, ಅದರಿಂದ ಪ್ರೀತಿ ಬೆಳೆಯುತ್ತದೆ ಎಂಬ ಅರ್ಥದ ಹದೀಸ್ ಇಮಾಮ್ ಬುಖಾರಿಯವರ ‘ಅಲ್-ಅದಬುಲ್ ಮುಫ್ರದ್’ ಗ್ರಂಥದಲ್ಲಿದೆ. ‘ಸಹೀಹ್ ಬುಖಾರಿ’ಯ ಇನ್ನೊಂದು ಹದೀಸಿನಲ್ಲಿ ಪ್ರವಾದಿ(ಸ) ಹೆಂಗಸರನ್ನು ಉದ್ದೇಶಿಸಿಯೇ ಮಾತಾಡಿದ್ದಾರೆ. ನೆರೆಮನೆಯವಳು ಕುರಿಯ ಗೊರಸನ್ನೇ ಕಳಿಸಿದರೂ ಅದನ್ನು ಕೀಳಾಗಿ ಕಾಣಬಾರದು ಎಂಬುದು ಅದರ ತಾತ್ಪರ್ಯ. ಗೊರಸಿಗೆ ಕಾಗದ ಸುತ್ತಿರಬೇಕೆಂದು ಅಲ್ಲಿ ಯಾರೂ ಕೇಳಲಿಲ್ಲ.

ಹಾಗೆಂದು ಚಂದವಾಗಿ ಕೊಡುವುದು ತಪ್ಪಲ್ಲ. ಸೂರಾ ಅಲ್-ಫುರ್ಕಾನಿನ 67ನೇ ಆಯತ್ ಕರುಣಾಮಯನ ದಾಸರ ಗುಣ ಹೇಳುವಾಗ, ಖರ್ಚಿನಲ್ಲಿ ಅವರು ದುಂದೂ ಮಾಡುವುದಿಲ್ಲ, ಕೈಬಿಗಿಯೂ ಮಾಡುವುದಿಲ್ಲ, ನಡುವಿನ ದಾರಿ ಹಿಡಿಯುತ್ತಾರೆ ಎನ್ನುತ್ತದೆ. ವುಝೂ ಮಾಡುತ್ತಿದ್ದ ಹಝ್ರತ್ ಸಅದ್(ರ) ಅವರನ್ನು ಪ್ರವಾದಿ(ಸ) ತಡೆದು, ಹರಿಯುವ ನದಿಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದೆಂದು ತಿಳಿಸಿದ ವರದಿ ಇಬ್ನು ಮಾಜಾದಲ್ಲಿದೆ. ಅದರ ಸನದಿನ ಬಗ್ಗೆ ಮುಹದ್ದಿಸರಲ್ಲಿ ಚರ್ಚೆ ಇದ್ದರೂ, ವುಝೂವಿನಲ್ಲಿ ಅತಿಯಾಗಿ ನೀರು ಚೆಲ್ಲುವುದನ್ನು ಉಲಮಾಗಳು ಒಪ್ಪುವುದಿಲ್ಲ. ಘಟಪ್ರಭೆಯ 51 ಟಿಎಂಸಿ ಅಡಿ ಜಲಾಶಯದ ಪಕ್ಕ ಕೂತಿರುವ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ಎದುರಿಗೆ ಬೇಕಾದಷ್ಟಿದೆ ಎಂಬುದು ಪೋಲಿಗೆ ನೆಪವಲ್ಲ. ನೀರಿನ ಮಾತು ಹಾಗಿದ್ದರೆ ಐದು ನಿಮಿಷದಲ್ಲಿ ಹರಿದು ಎಸೆಯುವ ಕಾಗದದ ಮಾತು ಹೇಳಬೇಕೇ?

ಈಗ ಕೆಲಸದ ಮಾತಿಗೆ ಬರೋಣ.

ಮೊದಲು ಕಾಗದದ ಜಾತಿ ಗುರುತಿಸಬೇಕು. ಅಂಗಡಿಯಲ್ಲಿ ಎಲ್ಲಕ್ಕೂ ‘ಗಿಫ್ಟ್ ಪೇಪರ್’ ಎಂದೇ ಹೆಸರು, ಆದರೆ ಬೆಳ್ಳಿ-ಬಂಗಾರದ ಹಾಗೆ ಹೊಳೆಯುವುದರಲ್ಲಿ ಬಹಳಷ್ಟು ಕಾಗದವೇ ಅಲ್ಲ. ಅಲ್ಯೂಮಿನಿಯಮ್ ಲೇಪಿಸಿದ ತೆಳು ಪ್ಲಾಸ್ಟಿಕ್. ಪರೀಕ್ಷೆ ಸುಲಭ. ಮುಷ್ಟಿಯಲ್ಲಿ ಮುದ್ದೆ ಮಾಡಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಕಾಗದ. ಮೆಲ್ಲಗೆ ಬಿಚ್ಚಿಕೊಂಡು ಅರಳಿದರೆ ಪ್ಲಾಸ್ಟಿಕ್. ಕಾಗದವಾದರೆ ಕೊನೆಗೆ ರದ್ದಿಗೆ ಹೋಗುತ್ತದೆ. ಪ್ಲಾಸ್ಟಿಕ್ಕಿನದನ್ನು ರದ್ದಿಯವನೂ ಒಯ್ಯುವುದಿಲ್ಲ. ಅದು ಗಾಳಿಗೆ ಹಾರಿ ಕಾಲುವೆಗೆ ಬೀಳುತ್ತದೆ, ಇಲ್ಲವೇ ಒಲೆಗೆ ಬಿದ್ದು ಮನೆತುಂಬ ಕೆಟ್ಟ ಹೊಗೆ ಎಬ್ಬಿಸುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಮಿಠಾಯಿ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ಪ್ಲಾಸ್ಟಿಕ್ ಹಾಳೆ ಕೂಡ ಇದೆ. ಅಂಗಡಿಯವರು ಸುತ್ತಿಕೊಡಲು ಬಂದರೆ ಬೇಡ ಎನ್ನಬಹುದು.

ಮನೆಗೆ ಬಂದ ಉಡುಗೊರೆಯ ಕಾಗದ ಉಳಿಸಬೇಕೆಂದರೆ ಟೇಪನ್ನು ಎಳೆದು ಕೀಳಬಾರದು. ಕಾಗದದ ಮೇಲ್ಪದರವೇ ಅದರ ಜೊತೆ ಬರುತ್ತದೆ. ಬ್ಲೇಡಿನಿಂದ ಟೇಪಿನ ಅಂಚಿಗೆ ಕತ್ತರಿಸಿ, ಟೇಪು ಅಂಟಿದ ಅಂಚುಗಳನ್ನು ಆಮೇಲೆ ನೆಟ್ಟಗೆ ಕತ್ತರಿಯಾಡಿಸಿ ತೆಗೆಯಿರಿ. ಹಾಳೆ ಎರಡು ಬೆರಳು ಚಿಕ್ಕದಾಗುತ್ತದೆ, ಅಷ್ಟೇ. ಸುಕ್ಕು ಹೋಗಬೇಕಾದರೆ ಹಾಳೆಯ ಹಿಂಬದಿ ಮೇಲೆ ಮಾಡಿ, ಅದರ ಮೇಲೆ ತೆಳ್ಳನೆ ಹತ್ತಿ ಬಟ್ಟೆ ಹಾಸಿ, ಇಸ್ತ್ರಿಯನ್ನು ಕಡಿಮೆ ಬಿಸಿಯಲ್ಲಿಟ್ಟು ಒಮ್ಮೆ ಆಡಿಸಿದರೆ ಸಾಕು. ನೀರು ಚಿಮುಕಿಸಬೇಡಿ. ಹೊಳೆಯುವ ಪ್ಲಾಸ್ಟಿಕ್ ಹಾಳೆಗೆ ಇಸ್ತ್ರಿ ಮುಟ್ಟಿಸಲೇಬೇಡಿ, ಇಸ್ತ್ರಿಗೇ ಅಂಟಿಕೊಳ್ಳುತ್ತದೆ. ಮಡಚಿ ಇಟ್ಟರೆ ಮತ್ತೆ ಗೆರೆ ಬೀಳುತ್ತದೆ, ಆದ್ದರಿಂದ ಬಟ್ಟೆ ಅಂಗಡಿಯಲ್ಲಿ ಥಾನು ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಕೇಳಿ ತಂದು ಅದಕ್ಕೆ ಸುತ್ತಿಡಿ.

ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಒಮ್ಮೆ ಹೀಗೆ ಉಳಿಸಿದ ಹಾಳೆಯಲ್ಲಿ ಸುತ್ತಿ ಒಂದು ಮದುವೆಯಲ್ಲಿ ಕೊಟ್ಟೆ. ಒಳಬದಿಗೆ ಹಿಂದೆ ಕೊಟ್ಟವರ ಹೆಸರಿನ ಚೀಟಿ ಹಾಗೇ ಅಂಟಿಕೊಂಡಿತ್ತು. ಆ ಮನೆಯವರು ನನಗೆ ಅಲ್ಲ, ಅವರಿಗೆ ಫೋನು ಮಾಡಿ ಶುಕ್ರಿಯಾ ಹೇಳಿದರು. ಈಗ ಎರಡೂ ಬದಿ ನೋಡಿಯೇ ಸುತ್ತುತ್ತೇನೆ.

ಹೊಸ ಹಾಳೆ ಕೊಂಡರೂ ಅರ್ಧ ಉಳಿಸಬಹುದು. ನಾವು ಅಳತೆ ಮಾಡದೆ ಇಡೀ ಹಾಳೆ ಸುತ್ತಿ, ಹೆಚ್ಚಾದದ್ದನ್ನು ಒಳಗೆ ಮಡಚುತ್ತೇವೆ. ಗೋಕಾಕದ ಕರದಂಟಿನ ಡಬ್ಬಿ 20 ಸೆಂ.ಮೀ. ಉದ್ದ, 15 ಅಗಲ, 5 ಎತ್ತರ ಇದೆ ಎಂದುಕೊಳ್ಳಿ. ಅಗಲದ ಸುತ್ತ ಒಂದು ದಾರ ಸುತ್ತಿದರೆ 40 ಸೆಂ.ಮೀ.; ಅಂಟಿಸಲು 2 ಸೇರಿಸಿದರೆ 42. ಇನ್ನೊಂದು ಕಡೆ ಡಬ್ಬಿಯ ಉದ್ದಕ್ಕೆ ಅದರ ಎತ್ತರ, ಮೇಲೆ 2 ಸೆಂ.ಮೀ. ಸೇರಿಸಿದರೆ 27. ಅಂದರೆ 50ಕ್ಕೆ 70ರ ಒಂದು ಹಾಳೆಯನ್ನು ಎರಡು ಮಾಡಿದರೆ ಎರಡು ಡಬ್ಬಿಗೆ ಆರಾಮಾಗಿ ಆಗುತ್ತದೆ. ಈ ಲೆಕ್ಕವನ್ನು ಮಕ್ಕಳಿಗೆ ಬಿಡಿ, ಖುಷಿಯಿಂದ ಮಾಡುತ್ತಾರೆ. ಟೇಪಿನ ಬದಲು ದಾರ ಕಟ್ಟಿದರೆ ಮುಂದಿನವರಿಗೂ ಹಾಳೆ ಹರಿಯದೆ ಸಿಗುತ್ತದೆ.

ಹಾಳೆ ಕೊಳ್ಳದೆಯೂ ನಡೆಯುತ್ತದೆ. ಜೂನಿನಲ್ಲಿ ಮಕ್ಕಳ ನೋಟ್‌ಬುಕ್ಕಿಗೆ ಹಾಕಿ ಉಳಿದ ಖಾಕಿ ಕಾಗದ, ಹಳೆ ಗೋಡೆ ಕ್ಯಾಲೆಂಡರಿನ ಬಿಳಿ ಹಿಂಬದಿ, ಬಟ್ಟೆ ಅಂಗಡಿಯ ಕಾಗದದ ಚೀಲ ಬಿಚ್ಚಿದ್ದು ಎಲ್ಲವೂ ಆಗುತ್ತವೆ. ಖಾಕಿ ಕಾಗದದ ಮೇಲೆ ಒಂದು ಕೆಂಪು ದಾರ ಕಟ್ಟಿ, ಮಗುವಿನ ಕೈಯಲ್ಲಿ ‘ಈದ್ ಮುಬಾರಕ್’ ಬರೆಸಿ ನೋಡಿ.

ಆದರೆ ಇಲ್ಲಿ ನಮ್ಮ ಮನೆಗಳಲ್ಲಿ ಮಾತ್ರ ಬರುವ ಒಂದು ತೊಡಕಿದೆ. ಕಾಗದ ಉಳಿಸುವ ಉಪಾಯ ಹೇಳುವವರೆಲ್ಲ ಮೊದಲು ಹೇಳುವುದೇ ಹಳೆ ಪತ್ರಿಕೆ. ಉರ್ದು ಪತ್ರಿಕೆಯಲ್ಲಿ ಆಯತ್ ಇರುತ್ತದೆ, ಹದೀಸ್ ಇರುತ್ತದೆ, ಏನೂ ಇಲ್ಲದಿದ್ದರೆ ಅಬ್ದುಲ್ಲಾಹ್, ಅಬ್ದುರ್ರಹ್ಮಾನ್ ಎಂಬ ಹೆಸರುಗಳಾದರೂ ಇರುತ್ತವೆ. ಉಡುಗೊರೆ ಬಿಚ್ಚಿದ ಕಾಗದ ಕಾಲಡಿಗೆ ಬರುತ್ತದೆ, ಕಸದ ಬುಟ್ಟಿಗೆ ಹೋಗುತ್ತದೆ. ಲಿಪಿ ಕನ್ನಡದ್ದೆಂದ ಮಾತ್ರಕ್ಕೆ ಅಲ್ಲಾಹನ ಹೆಸರಿನ ಗೌರವ ಕಡಿಮೆಯಾಗುವುದಿಲ್ಲ. ಆದ್ದರಿಂದ ನಿಮ್ಮ ಕೈಯಲ್ಲಿರುವ ಈ ಮಾಸಿಕವನ್ನೂ ದಯವಿಟ್ಟು ಸುತ್ತಲು ಬಳಸಬೇಡಿ. ಕಾಬಾದ ಚಿತ್ರ, ಆಯತ್ ಇರುವ ಕ್ಯಾಲೆಂಡರ್ ಪುಟಗಳಿಗೂ ಇದೇ ಮಾತು. ಅಂಗಡಿಯಲ್ಲಿ ಈಗ ಅರಬಿ ಅಕ್ಷರದ ಈದ್ ಕಾಗದವೂ ಬರುತ್ತಿದೆ. ಕೊಳ್ಳುವ ಮೊದಲು ಏನು ಬರೆದಿದೆ ಎಂದು ಓದಿ.

ಶಾದಿ ಕಾರ್ಡುಗಳದ್ದು ಇದಕ್ಕಿಂತ ದೊಡ್ಡ ಸಂಗತಿ. ಗಟ್ಟಿ ಕಾಗದ, ಚಂದದ ಬಣ್ಣ. ಆಹೇರಿನ ರೊಕ್ಕ ಇಡುವ ಲಿಫಾಫೆ ಮಾಡಲು, ಹೆಸರಿನ ಚೀಟಿ ಕತ್ತರಿಸಲು ಹೇಳಿ ಮಾಡಿಸಿದಂತಿರುತ್ತದೆ. ಆದರೆ ತಲೆಯ ಮೇಲೆ ಬಿಸ್ಮಿಲ್ಲಾಹ್ ಇರುತ್ತದೆ. ಆ ಭಾಗವನ್ನು ಮೊದಲು ಕತ್ತರಿಸಿ ಬೇರೆ ಒಂದು ಚೀಲದಲ್ಲಿ ಕೂಡಿಡಿ, ಉಳಿದದ್ದನ್ನು ಬಳಸಿ. ಕೂಡಿಟ್ಟದ್ದನ್ನು ಏನು ಮಾಡಬೇಕು? ಹನಫಿ ಉಲಮಾಗಳು ಶುದ್ಧ ಬಟ್ಟೆಯಲ್ಲಿ ಸುತ್ತಿ, ಜನ ತುಳಿಯದ ಜಾಗದಲ್ಲಿ ಹೂಳುವುದನ್ನು ಉತ್ತಮವೆನ್ನುತ್ತಾರೆ. ಸುಡುವುದಕ್ಕೂ ಆಧಾರವಿದೆ. ಹಝ್ರತ್ ಉಸ್ಮಾನ್(ರ) ಅವರು ಕುರ್‌ಆನಿನ ಪ್ರತಿಗಳನ್ನು ಏಕರೂಪಗೊಳಿಸಿದಾಗ ಉಳಿದವನ್ನು ಸುಡಲು ಆದೇಶಿಸಿದ ವಿಷಯ ಬುಖಾರಿಯಲ್ಲಿದೆ. ಹರಿಯುವ ನೀರಿಗೆ ಬಿಡುವ ರೂಢಿಯೂ ಇದೆ, ಆದರೆ ನಮ್ಮ ಕಾಲುವೆಯ ನೀರನ್ನು ಜನ-ದನ ಕುಡಿಯುತ್ತವೆ. ಈಗಿನ ಕಾರ್ಡಿನ ಬಣ್ಣ, ಚಮಕಿ ಅದಕ್ಕೆ ಸೇರಬಾರದು. ಸಂದೇಹವಿದ್ದರೆ ನಿಮ್ಮ ಮಸ್ಜಿದಿನ ಇಮಾಮರನ್ನು ಕೇಳಿ.

ಯಾವ ಭಾಷೆಯ ಪತ್ರಿಕೆಯೇ ಆಗಲಿ, ತಿನ್ನುವ ವಸ್ತುವಿಗೆ ತಾಗಬಾರದು. ಶಾಯಿ ಎಣ್ಣೆ-ತುಪ್ಪಕ್ಕೆ ಬೇಗ ಬಿಡುತ್ತದೆ. ಆಹಾರವನ್ನು ಪತ್ರಿಕೆಯಲ್ಲಿ ಕಟ್ಟುವುದನ್ನು 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳೇ ನಿಷೇಧಿಸಿವೆ. ಕರದಂಟು, ಮಾಲ್ದಿ, ಖಜೂರ್ ಕೊಡುವುದಾದರೆ ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಡಬ್ಬಿಸಮೇತ ಕೊಡಿ. ಡಬ್ಬಿ ತಿರುಗಿ ಬರುವಾಗ ಖಾಲಿ ಬರುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಬಟ್ಟೆ. ಇದು ಹೊಸದೇನೂ ಅಲ್ಲ. ದಾದಿ-ನಾನಿಯರು ಬಟ್ಟೆಬರೆ ಕಟ್ಟುತ್ತಿದ್ದ ಚೌಕದ ವಸ್ತ್ರಕ್ಕೆ ಉರ್ದುವಿನಲ್ಲಿ ಬುಕ್ಚಾ ಎನ್ನುತ್ತಾರೆ. ತುರ್ಕಿಯಲ್ಲಿ ಅದೇ ಪದ ‘ಬೊಹ್ಚಾ’. ಮದುವೆಯಲ್ಲಿ ಎರಡೂ ಮನೆಯವರು ಉಡುಗೊರೆಗಳನ್ನು ಅದರಲ್ಲೇ ಕಟ್ಟಿ ಕಳಿಸುವುದು ಅಲ್ಲಿನ ಹಳೆಯ ಪದ್ಧತಿ. ಜಪಾನಿನಲ್ಲಿ ಇದಕ್ಕೆ ಫುರೋಶಿಕಿ ಎನ್ನುತ್ತಾರೆ. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಅಲ್ಲಿಯೂ ಜನ ಅದರಿಂದ ದೂರವಾಗಿದ್ದರು. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಹಳೆ ಬಾಟಲಿಯ ಪ್ಲಾಸ್ಟಿಕ್ಕಿನಿಂದ ನೂಲು ತೆಗೆದು ನೇಯ್ದ ಒಂದು ಫುರೋಶಿಕಿಯನ್ನು ಪರಿಚಯಿಸಿ, ಪೋಲು ಕಡಿಮೆ ಮಾಡಲು ಮತ್ತೆ ಬಟ್ಟೆ ಕಟ್ಟಿ ಎಂದು ಜನರಿಗೆ ಹೇಳಿದರು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಟ್ರಂಕು ತೆಗೆದರೆ ಸಾಕು.

ಕಟ್ಟುವ ಕ್ರಮ ಹೀಗೆ. ಚೌಕದ ಬಟ್ಟೆಯನ್ನು ಒಂದು ಮೂಲೆ ನಿಮ್ಮ ಕಡೆ ಬರುವಂತೆ ಹಾಸಿ, ನಡುವೆ ಡಬ್ಬಿ ಇಡಿ. ಹತ್ತಿರದ ಮೂಲೆಯನ್ನು ಡಬ್ಬಿಯ ಮೇಲೆ ಹಾಕಿ ಅಡಿಗೆ ಸಿಕ್ಕಿಸಿ, ಎದುರಿನ ಮೂಲೆಯನ್ನು ಅದರ ಮೇಲೆ ತನ್ನಿ. ಉಳಿದ ಎಡಬಲದ ಮೂಲೆಗಳನ್ನು ಮೇಲೆತ್ತಿ ಎರಡು ಗಂಟು ಹಾಕಿ. ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಅಳೆದು ಮೂರು ಪಾಲು ಮಾಡಿದರೆ, ಡಬ್ಬಿ ನಡುವಿನ ಪಾಲಿನಲ್ಲಿ ಕೂರಬೇಕು. ಮೇಲೆ ಹೇಳಿದ ಕರದಂಟಿನ ಡಬ್ಬಿಗೆ 70 ಸೆಂ.ಮೀ. ಚೌಕ ಬೇಕಾದಷ್ಟಾಯಿತು. ಹಳೆ ದುಪಟ್ಟಾ, ಟೇಲರನ ಹತ್ತಿರ ಉಳಿದ ತುಂಡು, ಕುಪ್ಪಸಕ್ಕೆ ಸಾಲದೆ ಬಿದ್ದಿರುವ ಗುಳೇದಗುಡ್ಡದ ಖಣ ಯಾವುದಾದರೂ ಸರಿ, ಅಂಚು ಹೊಲಿದಿರಲಿ. ಬಟ್ಟೆಯೇ ಉಡುಗೊರೆಯ ಭಾಗವಾದರೆ ಇನ್ನೂ ಚೆನ್ನ: ಹೊಸ ಸೊಸೆಗೆ ದಸ್ತರ್‌ಖಾನಿನಲ್ಲಿ ಪಾತ್ರೆ ಕಟ್ಟಿ ಕೊಡಬಹುದು. ಕುರ್‌ಆನ್ ಕೊಡುವಾಗ ಕಾಗದದ ಬದಲು ಒಂದು ಜುಝ್ದಾನ್ ಹೊಲಿದು ಅದರಲ್ಲಿ ಹಾಕಿ ಕೊಡಿ. ಜಾನಮಾಝನ್ನು ಸುಮ್ಮನೆ ಸುರುಳಿ ಸುತ್ತಿ ಒಂದು ಫೀತು ಕಟ್ಟಿದರೆ ಮುಗಿಯಿತು.

ಉಳಿತಾಯದ ಹೆಸರಿನಲ್ಲಿ ಮಾಡಬಾರದ ಒಂದು ಕೆಲಸವೂ ಇದೆ. ದೊಡ್ಡ ಕಂಪನಿಯ ವಾಚಿನದೋ ಮೊಬೈಲಿನದೋ ಖಾಲಿ ಪೆಟ್ಟಿಗೆಯಲ್ಲಿ ಅಗ್ಗದ ವಸ್ತು ಇಟ್ಟು ಕೊಡುವುದು. ತನ್ನ ಬಳಿ ಇಲ್ಲದ್ದನ್ನು ಇದೆಯೆಂದು ತೋರಿಸಿಕೊಳ್ಳುವವನನ್ನು ಪ್ರವಾದಿ(ಸ) ಸುಳ್ಳಿನ ಎರಡು ಉಡುಪು ತೊಟ್ಟವನಿಗೆ ಹೋಲಿಸಿದ್ದಾರೆ. ಪೆಟ್ಟಿಗೆ ಬಳಸಿ, ಆದರೆ ಮೇಲಿನ ಹೆಸರು ಕಾಣದಂತೆ ಖಾಕಿ ಕಾಗದ ಅಂಟಿಸಿ. ಹಳೆಯ ಕಾಗದ ಬಳಸಿದ್ದಕ್ಕೆ ನಾಚಿಕೆ ಬೇಡ, ಕೊಳೆಯಾದದ್ದು, ಹರಿದದ್ದು ಮಾತ್ರ ಬೇಡ. ಪುಟ್ಟ ಮಕ್ಕಳಿಗೆ ಕೊಡುವಾಗ ಬ್ಲೇಡು ಹಿಡಿದು ಕಾವಲು ನಿಲ್ಲಬೇಡಿ. ಹರಿಯುವುದೇ ಅವರಿಗೆ ಹಬ್ಬ. ಅವರಿಗೆ ಕ್ಯಾಲೆಂಡರಿನ ಹಾಳೆಯಲ್ಲೇ ಸುತ್ತಿಕೊಡಿ.

ಖಾಲಾಗೆ ನಾನು ಇಷ್ಟೆಲ್ಲ ವಿವರಿಸಲಿಲ್ಲ. ಅವರದೇ ಟ್ರಂಕಿನಿಂದ ಹಸಿರು ಅಂಚಿನ ಒಂದು ಹಳೆ ದುಪಟ್ಟಾ ತೆಗೆಸಿ, ಜಬ್ಲಾ ಅದರಲ್ಲಿ ಕಟ್ಟಿದೆ. ಇಬ್ಬರೂ ಅಂದೇ ಸಂಜೆ ಹೋಗಿ ಕೊಟ್ಟೆವು. ಮಗುವಿನ ತಾಯಿ ಗಂಟು ಬಿಚ್ಚಿ, ಜಬ್ಲಾ ಮಗುವಿಗೆ ಅಲ್ಲೇ ತೊಡಿಸಿದಳು. ಬಟ್ಟೆ ಮಡಚಿ ತಿರುಗಿ ಕೊಡಲು ಬಂದಾಗ ಖಾಲಾ, “ಇಟ್ಕೊ ಬೇಟಿ, ನಿನಗೂ ಯಾರಿಗಾದ್ರೂ ಕೊಡೂದು ಬರತದ” ಅಂದರು. ಆ ದುಪಟ್ಟಾ ಎರಡು ಮನೆ ತಿರುಗಿ ಈಗ ನಮ್ಮಲ್ಲಿಗೆ ಬಂದಿದೆ. ಬರುವ ವಾರ ಹುಕ್ಕೇರಿಯಲ್ಲಿ ಒಂದು ನಿಕಾಹ್ ಇದೆ, ತೊಳೆದು ಹಿತ್ತಲಲ್ಲಿ ಒಣಹಾಕಿದ್ದೇನೆ.