ತಾಯಿಗೆ ಮಗನ ಹೊಣೆಪತ್ರ

ಕಳೆದ ವೈಶಾಖಮಾಸದ ಒಂದು ಸಂಜೆ ನಮ್ಮ ಹಿರಿಯ ಅಕ್ಕನವರು ದಪ್ಪನಾದ ಕಾಗದದ ಕಟ್ಟೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಅವರಿಗೆ ಈಗ ೭೨ ವರ್ಷ. ಭಾವನವರು ತೀರಿಕೊಂಡ ಮೇಲೆ ಮೈಸೂರಿನ ಹಳೆಯ ಮನೆಯಲ್ಲಿ ಒಬ್ಬರೇ ಇರುವರು. ಮಗಳು ಎರಡು ಬೀದಿಗಳಾಚೆ ಇರುವಳು. ಮಗನು ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಇಂಜಿನಿಯರನಾಗಿದ್ದು, ಅಲ್ಲಿಯ ಪೌರತ್ವವನ್ನೂ ಪಡೆದಿರುವನು. ತಾಯಿಯನ್ನು ಸ್ಥಿರವಾಗಿ ತನ್ನ ಬಳಿಗೆ ಕರೆಯಿಸಿಕೊಳ್ಳಲು ಅವನು ಸಿದ್ಧಪಡಿಸಿದ್ದ ಪತ್ರಗಳ ಪ್ರತಿಗಳೇ ಆ ಕಟ್ಟು. ಅದರಲ್ಲೊಂದು ಪತ್ರವನ್ನು ಮಗಳು ಓದಿ ಅರ್ಥ ಹೇಳಿದ್ದಳಂತೆ. ಅಕ್ಕನವರು ಅದನ್ನು ನಮ್ಮ ಮುಂದಿಟ್ಟು, “ಹೆತ್ತ ತಾಯಿಗೆ ಅನ್ನ ಹಾಕುತ್ತೇನೆ ಅಂತ ಮಗ ಸರ್ಕಾರಕ್ಕೆ ಜಾಮೀನು ಬರೆದುಕೊಡಬೇಕೇನೋ? ಇದೆಂಥ ಕಾಲ ಬಂತಪ್ಪ!” ಎಂದು ಕಣ್ಣೊರಸಿಕೊಂಡರು.

ಇಂತಹ ಕಟ್ಟುಗಳು ಇಂದು ನಮ್ಮ ನಾಡಿನ ಅನೇಕ ಗೃಹಸ್ಥರ ಮನೆಗಳಿಗೆ ಬರುತ್ತಿರುವುವು. ಆದುದರಿಂದ ಅವನ್ನು ಓದಿ ನಾವು ತಿಳಿದುಕೊಂಡುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಅಕ್ಕನವರ ದುಃಖಕ್ಕೆ ಶಾಸ್ತ್ರದ ಆಧಾರವೂ ಇಲ್ಲದಿಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಹೊಣೆನಿಲ್ಲುವಿಕೆಯು ಮೂರು ವಿಧವೆಂದು ಹೇಳಿದೆ: ಮನುಷ್ಯನನ್ನು ಹಾಜರುಪಡಿಸಲು, ಅವನು ನಂಬಿಕೆಗೆ ಅರ್ಹನೆಂದು ಹೇಳಲು, ಹಣ ತೆರಲು. ಅದೇ ಪ್ರಕರಣದಲ್ಲಿ, ಅವಿಭಕ್ತರಾದ ಅಣ್ಣತಮ್ಮಂದಿರು, ದಂಪತಿಗಳು, ತಂದೆಮಕ್ಕಳು ಒಬ್ಬರಿಗೊಬ್ಬರು ಹೊಣೆ ನಿಲ್ಲುವುದು ಸಲ್ಲದೆಂದೂ ಇದೆ. ಇದಕ್ಕೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯ ಆಶ್ರಯದಲ್ಲಿದ್ದವನು. ಒಂದೇ ಗಂಟಿನಲ್ಲಿ ಉಣ್ಣುವವರಿಗೆ ಪರಸ್ಪರ ಜಾಮೀನು ಎಲ್ಲಿಯದು? ಆದರೆ ಸಮುದ್ರದಾಚೆಯ ರಾಜ್ಯವು ನಮ್ಮ ಮನೆಯ ಗಂಟನ್ನು ಕಂಡಿಲ್ಲ. ಅದಕ್ಕೆ ತಾಯಿಯೊಬ್ಬಳು, ಮಗನೊಬ್ಬನು. ಇಬ್ಬರು ಬೇರೆ ಬೇರೆ ವ್ಯಕ್ತಿಗಳು.

ಆ ರಾಜ್ಯದ ಬಾಗಿಲು ನಮ್ಮವರಿಗೆ ಎಂದಿನಿಂದಲೂ ತೆರೆದಿರಲಿಲ್ಲ. ೧೯೧೭ರ ಶಾಸನವು ಭಾರತೀಯರ ವಲಸೆಯನ್ನು ಬಹುಮಟ್ಟಿಗೆ ತಡೆದಿತ್ತು. ೧೯೪೬ರಲ್ಲಿ ವರ್ಷಕ್ಕೆ ೧೦೦ ಜನರಿಗೆ ಮಾತ್ರ ಅವಕಾಶವಾಯಿತು. ೧೯೬೫ರ ಶಾಸನವು ರಾಷ್ಟ್ರಭೇದದ ಹಳೆಯ ಲೆಕ್ಕವನ್ನು ತೆಗೆದು, ಕುಟುಂಬದವರನ್ನು ಒಂದುಗೂಡಿಸುವುದಕ್ಕೆ ಪ್ರಾಧಾನ್ಯ ಕೊಟ್ಟಿತು. ಈಗ ೨೧ ವರ್ಷ ತುಂಬಿದ ಪ್ರಜೆಯು ತನ್ನ ತಂದೆತಾಯಿಗಳನ್ನು ಕರೆಯಿಸಿಕೊಳ್ಳಲು ವಾರ್ಷಿಕ ಸಂಖ್ಯೆಯ ಮಿತಿಯಿಲ್ಲ. ಗ್ರೀನ್ ಕಾರ್ಡು ಮಾತ್ರ ಇರುವ ಮಗನಿಗೆ ಈ ಅಧಿಕಾರವಿಲ್ಲ. ಒಡಹುಟ್ಟಿದವರ ಪಾಡು ಬೇರೆ. ಸಕಲ ದೇಶಗಳಿಗೂ ಸೇರಿ ವರ್ಷಕ್ಕೆ ೬೫,೦೦೦ ವೀಸಾಗಳಿದ್ದು, ಒಂದೊಂದು ದೇಶಕ್ಕೂ ಮಿತಿಯಿರುವುದರಿಂದ, ಭಾರತೀಯರು ಹದಿನೈದು ವರ್ಷಗಳಿಗಿಂತಲೂ ಹೆಚ್ಚು ಕಾಲ ಕಾದಿರಬೇಕಾಗುತ್ತದೆ. ತಾಯಿಯ ಅರ್ಜಿಯಲ್ಲಿ ಇಲ್ಲಿಯ ಮಗಳನ್ನು ಸೇರಿಸುವಂತೆಯೂ ಇಲ್ಲ.

ಇನ್ನು ಆ ಹೊಣೆಪತ್ರದ ವಿಚಾರ. ೧೯೯೬ರ ಶಾಸನದಿಂದ ಅದು ನ್ಯಾಯಾಲಯದಲ್ಲಿ ನಿಲ್ಲುವ ಕರಾರಾಯಿತು. ಸರ್ಕಾರವು ವರ್ಷವರ್ಷವೂ ಗೊತ್ತುಮಾಡುವ ಬಡತನದ ಗೆರೆಗಿಂತ ಕಾಲುಪಾಲು ಹೆಚ್ಚಿನ ವರಮಾನವು, ಅಂದರೆ ಅದರ ೧೨೫ ಪಾಲು ಶೇಕಡ, ಮನೆಯ ಜನಸಂಖ್ಯೆಗೆ ತಕ್ಕಂತೆ ತನಗಿದೆಯೆಂದು ಮಗನು ಸಾಮಾನ್ಯವಾಗಿ ತೋರಿಸಬೇಕು. ಸಾಲದಿದ್ದರೆ ಇನ್ನೊಬ್ಬನು ಜೊತೆಗೆ ಹೊಣೆ ನಿಲ್ಲಬಹುದು. ತಾಯಿಯು ಬಡವರಿಗೆಂದಿರುವ ಕೆಲವು ಸಹಾಯಧನಗಳನ್ನು ಪಡೆದರೆ ಆ ವೆಚ್ಚವನ್ನು ಮಗನಿಂದ ವಸೂಲು ಮಾಡಬಹುದು. ಕೆಲಸ ಹೋಯಿತೆಂದರೆ ಹೊಣೆ ಕಳಚುವುದಿಲ್ಲ. ತಾಯಿಯು ಅಲ್ಲಿಯ ಪ್ರಜೆಯಾದರೆ, ಸುಮಾರು ಹತ್ತು ವರ್ಷಗಳ ದುಡಿಮೆಯು ಅವಳ ಲೆಕ್ಕಕ್ಕೆ ಸೇರಿದರೆ, ವಾಸದ ಹಕ್ಕನ್ನು ಬಿಟ್ಟು ದೇಶದಿಂದ ಹೊರಟುಹೋದರೆ, ಇಲ್ಲವೆ ಇಬ್ಬರಲ್ಲೊಬ್ಬರು ತೀರಿಕೊಂಡರೆ ಮಾತ್ರ ಅದು ಮುಗಿಯುವುದು. ಮಗನು ಪೋಷಿಸದಿದ್ದರೆ ತಾಯಿಯೇ ಅವನ ಮೇಲೆ ದಾವೆ ಹೂಡಬಹುದೆಂದು ನಾವು ಹೇಳಿದಾಗ ಅಕ್ಕನವರಿಗೆ ನಗು ಬಂದುಬಿಟ್ಟಿತು.

ಆದರೆ ಜನ್ಮದಿನಾಂಕದ ಕಡೆಗೆ ಬಂದಾಗ ನಗುವ ಸರದಿ ನಮ್ಮದಾಯಿತು. ಅಕ್ಕನವರ ಜಾತಕದಲ್ಲಿರುವುದು ಆಶ್ವಯುಜಮಾಸ. ಶಾಲೆಯ ದಾಖಲೆಯಲ್ಲಿರುವುದು ಜೂನ್ ತಿಂಗಳು. ಅಂದಿನ ಮೇಷ್ಟರುಗಳು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ಎಡಗಿವಿಗೆ ಮುಟ್ಟಿಸಿ ನೋಡಿ, ವರ್ಷವನ್ನು ಊಹಿಸಿ ಬರೆದುಕೊಳ್ಳುತ್ತಿದ್ದರು. ನಾವೂ ಅದೇ ವೃತ್ತಿಯವರಾದುದರಿಂದ ಈ ಪಾಪದಲ್ಲಿ ನಮಗೂ ಪಾಲುಂಟು. ಜನನ ಮರಣ ನೋಂದಣಿಯ ೧೯೬೯ರ ಶಾಸನಕ್ಕೆ ಹಿಂದೆ ಹುಟ್ಟಿದವರಲ್ಲಿ ಅನೇಕರಿಗೆ ಜನನಪತ್ರವೇ ಇಲ್ಲ. ಅಂಥವರು ದಾಖಲೆ ಇಲ್ಲವೆಂಬ ಪತ್ರವನ್ನು ನೋಂದಣಾಧಿಕಾರಿಯಿಂದ ಪಡೆದು, ಶಾಲೆಯ ದಾಖಲೆಯನ್ನೋ ಹಿರಿಯ ಬಂಧುಗಳ ಪ್ರಮಾಣಪತ್ರವನ್ನೋ ಜೊತೆಗಿಡುವರು. ಮಗನ ಜನನಪತ್ರದಲ್ಲಿರುವ ತಾಯಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಂದೇ ಆಗಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳುವುದು ಮೇಲು.

ಇವೆಲ್ಲಕ್ಕಿಂತ ಮುಖ್ಯವಾದುದೊಂದಿದೆ. ಗ್ರೀನ್ ಕಾರ್ಡು ವಾಸಕ್ಕಾಗಿ ಕೊಡುವ ಹಕ್ಕೇ ಹೊರತು ಹೋಗಿಬರುವ ರಹದಾರಿಯಲ್ಲ. ಮುಂಗಡವಾಗಿ ಅನುಮತಿ ಪಡೆಯದೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ ಆ ಕಾರ್ಡಿನಿಂದ ಮರುಪ್ರವೇಶ ದೊರೆಯದು. ಅದಕ್ಕೂ ಕಡಮೆ ಕಾಲ ಹೊರಗಿದ್ದರೂ, ನಿಜವಾದ ಮನೆ ಎಲ್ಲಿಯದೆಂದು ಅಧಿಕಾರಿಗಳು ಪ್ರಶ್ನಿಸಬಹುದು. ಅಲ್ಲಿ ದುಡಿದ ಲೆಕ್ಕವಿಲ್ಲದ ವೃದ್ಧರಿಗೆ ಮೆಡಿಕೇರ್ ಎಂಬ ವೈದ್ಯಕೀಯ ವಿಮೆಯನ್ನು ಹಣ ಕೊಟ್ಟು ಪಡೆಯಲೂ ಐದು ವರ್ಷಗಳ ಸತತ ವಾಸ ಬೇಕು. ಅಲ್ಲಿಯವರೆಗೆ ಕಾಯಿಲೆಯ ವೆಚ್ಚಕ್ಕೆ ಬೇರೆ ದಾರಿ ನೋಡಿಕೊಂಡಿರಬೇಕು. ಮುಂದೆ ಆ ದೇಶದ ಪ್ರಜೆಯಾದರೆ ಭಾರತದ ಪೌರತ್ವ ಹೋಗುವುದು.

ಇದನ್ನೆಲ್ಲ ಕೇಳಿದ ಅಕ್ಕನವರು ಆ ರಾತ್ರಿಯೇ ಮಗನೊಡನೆ ಫೋನಿನಲ್ಲಿ ಮಾತನಾಡಿದರು. “ನನಗೆ ಕಾಯಿಲೆಯಾದರೆ ನಿನಗೆಷ್ಟು ಖರ್ಚಾದೀತು?” ಎಂದು ಕೇಳಿದರು, ಅವನು ಲೆಕ್ಕ ಹೇಳಿದನು. “ನೀವಿಬ್ಬರೂ ಆಫೀಸಿಗೆ ಹೋದ ಮೇಲೆ ಹಗಲೆಲ್ಲ ನಾನು ಯಾರ ಹತ್ತಿರ ಮಾತಾಡಲಪ್ಪ?” ಎಂದು ಕೇಳಿದರು. ಅದಕ್ಕೆ ಅವನು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಕಡೆಗೆ, “ಅಮ್ಮಾ, ಅಪ್ಪ ಹೋದಾಗ ನಾನು ಬಂದು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಿನ್ನ ವಿಷಯದಲ್ಲಿ ಹಾಗಾಗಬಾರದು ಅಂತ ಇದನ್ನೆಲ್ಲ ಬರೆದೆ” ಎಂದನಂತೆ. ಜಾಮೀನಿನ ಮೇಲೆ ಅಕ್ಕನವರಿಗಿದ್ದ ಕೋಪ ಅಂದೇ ಇಳಿಯಿತು.

ಮಗನು ಅರ್ಜಿಯನ್ನು ಇನ್ನೂ ಸಲ್ಲಿಸಿಲ್ಲ. ಸಲ್ಲಿಸಿದ ಮೇಲೆ ಅತಿಥಿಯ ವೀಸಾಕ್ಕೆ ತೊಡಕಾಗಬಹುದು. ಅಕ್ಕನವರು ಈಗಿರುವ ವೀಸಾದ ಮೇಲೆ ಕೆಲವು ತಿಂಗಳು ಅಲ್ಲಿದ್ದು, ಅಲ್ಲಿಯ ಚಳಿಯನ್ನೂ ಒಂಟಿತನವನ್ನೂ ಮೊಮ್ಮಕ್ಕಳ ಒಡನಾಟವನ್ನೂ ಅನುಭವಿಸಿ, ಊರಿಗೆ ಹಿಂದಿರುಗಿದ ಮೇಲೆ ನಿಶ್ಚಯಿಸುವುದೆಂದು ತಾಯಿಮಕ್ಕಳು ಒಪ್ಪಿಕೊಂಡಿರುವರು.

ನಮ್ಮ ಗೃಹಸ್ಥರಲ್ಲಿ ಬಿನ್ನಹವಿಷ್ಟೆ. ಮಕ್ಕಳು ಕಳುಹಿಸುವ ಪತ್ರಗಳನ್ನು ಓದದೆ ರುಜು ಹಾಕಬೇಡಿರಿ. ಓದಿ ಮನನೊಂದು ಮೂಲೆಗಿಡಲೂ ಬೇಡಿರಿ. ತಾಯಿಯು ಬಿಟ್ಟುಹೋಗುವುದೇನು, ಮಗನು ಹೊರುವುದೇನು ಎಂಬುದನ್ನು ಇಬ್ಬರೂ ಕುಳಿತು ಬಾಯಿಬಿಟ್ಟು ಆಡಿಕೊಳ್ಳಬೇಕು. ಸರ್ಕಾರವು ಕೇಳುವ ಹೊಣೆ ಅನ್ನಕ್ಕೆ ಮಾತ್ರ. ಅದರಾಚೆಯ ಹೊಣೆಗೆ ಯಾವ ಕಚೇರಿಯಲ್ಲಿಯೂ ನಮೂನೆಯಿಲ್ಲ.